ಎಲ್ಲರೂ ಒಪ್ಪಿದ ತಪ್ಪು: ರೋಸೆನ್‌ಹಾನ್ ಪ್ರಯೋಗದ ಪ್ರಕರಣ ಅಧ್ಯಯನ

1973ರ ಜನವರಿ 19ರ ‘ಸೈನ್ಸ್’ ಪತ್ರಿಕೆಯಲ್ಲಿ ಡೇವಿಡ್ ರೋಸೆನ್‌ಹಾನ್ ಎಂಬ ಮನೋವಿಜ್ಞಾನಿಯ ಒಂಬತ್ತು ಪುಟಗಳ ಪ್ರಬಂಧ ಪ್ರಕಟವಾಯಿತು. ಆಗ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನವನ್ನೂ ಕಾನೂನನ್ನೂ ಕಲಿಸುತ್ತಿದ್ದ ಪ್ರಾಧ್ಯಾಪಕರು. ಮಾನಸಿಕ ಕಾಯಿಲೆಯೇ ಇಲ್ಲದ ಎಂಟು ಜನ ಹನ್ನೆರಡು ಆಸ್ಪತ್ರೆಗಳಿಗೆ ಹೋಗಿ ದಾಖಲಾದರು, ಅವರು ರೋಗಿಗಳಲ್ಲ ಎಂಬುದು ಒಬ್ಬ ವೈದ್ಯರಿಗೂ ಒಬ್ಬ ದಾದಿಗೂ ಗೊತ್ತಾಗಲಿಲ್ಲ ಎಂಬುದು ಅದರ ಸಾರ. ಅಮೆರಿಕದ ಮನೋವೈದ್ಯರಿಗೆ ಅದು ದೊಡ್ಡ ಪೆಟ್ಟು. ಇವತ್ತಿಗೂ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಈ ಪ್ರಯೋಗಕ್ಕೆ ಜಾಗ ಇದ್ದೇ ಇರುತ್ತದೆ.

ಸಂಶೋಧನಾ ವಿಧಾನದ ಪಾಠದಲ್ಲಿ ವಿಶ್ವಾಸಾರ್ಹತೆ, ಸಿಂಧುತ್ವ ಎಂಬ ಎರಡು ಮಾತುಗಳನ್ನು ನಾವು ಜೋಡಿಯಾಗಿಯೇ ಕಲಿಯುತ್ತೇವೆ. ಮತ್ತೆ ಮತ್ತೆ ಅಳೆದರೂ, ಬೇರೆ ಬೇರೆಯವರು ಅಳೆದರೂ ಫಲಿತಾಂಶ ಒಂದೇ ಆಗಿದ್ದರೆ ಅಳತೆ ವಿಶ್ವಾಸಾರ್ಹ. ಯಾವುದನ್ನು ಅಳೆಯಲು ಹೊರಟೆವೋ ಅದನ್ನೇ ಅಳೆದಿದ್ದರೆ ಅದು ಸಿಂಧು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಎರಡರ ನಡುವೆ ಎಷ್ಟು ದೊಡ್ಡ ಕಂದಕ ಇರಬಹುದು ಎಂಬುದು ಇಂಥದೊಂದು ಪ್ರಕರಣವನ್ನು ಒಳಹೊಕ್ಕು ನೋಡಿದಾಗಲೇ ತಿಳಿಯುವುದು. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿದೆ. ರೋಸೆನ್‌ಹಾನ್ ಆಸ್ಪತ್ರೆಗಳಿಗೆ ಕೇಳಿದ ಪ್ರಶ್ನೆಗಳನ್ನೇ ಮುಂದೆ ಅವರ ಪ್ರಬಂಧಕ್ಕೂ ಕೇಳಬೇಕಾಗಿ ಬಂತು.

ಒಂದೇ ಒಂದು ಲಕ್ಷಣ

ಪ್ರಬಂಧ ಹೇಳುವ ಪ್ರಕಾರ ಆ ಎಂಟು ಜನರಲ್ಲಿ ಮೂವರು ಹೆಂಗಸರು, ಐವರು ಗಂಡಸರು. ಮನೋವಿಜ್ಞಾನದ ಒಬ್ಬ ವಿದ್ಯಾರ್ಥಿ, ಮೂವರು ಮನೋವಿಜ್ಞಾನಿಗಳು, ಒಬ್ಬರು ಮಕ್ಕಳ ವೈದ್ಯರು, ಒಬ್ಬರು ಮನೋವೈದ್ಯರು, ಒಬ್ಬರು ಚಿತ್ರ ಕಲಾವಿದರು, ಒಬ್ಬ ಗೃಹಿಣಿ. ಅವರಲ್ಲಿ ಮೊದಲನೆಯವರು ಸ್ವತಃ ರೋಸೆನ್‌ಹಾನ್. ಎಲ್ಲರೂ ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋದರು. ವೈದ್ಯರ ಮುಂದೆ ಹೇಳಿದ್ದು ಒಂದೇ ತೊಂದರೆ: ನನಗೆ ಧ್ವನಿಗಳು ಕೇಳಿಸುತ್ತಿವೆ, ಅವು ಸ್ಪಷ್ಟವಾಗಿಲ್ಲ, ಆದರೆ ‘ಖಾಲಿ’, ‘ಪೊಳ್ಳು’, ‘ಧಡ್’ ಎಂದಂತೆ ಅನ್ನಿಸುತ್ತದೆ. ಹೆಸರು, ಉದ್ಯೋಗ ಬದಲಾಯಿಸಿದ್ದು ಬಿಟ್ಟರೆ ಬಾಲ್ಯ, ತಂದೆ ತಾಯಿ, ದಾಂಪತ್ಯ, ಕೆಲಸದ ಜಂಜಾಟ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ವಾರ್ಡಿನೊಳಗೆ ಕಾಲಿಟ್ಟ ಕ್ಷಣದಿಂದ ಧ್ವನಿಯ ಮಾತು ಬಿಟ್ಟು ಸಹಜವಾಗಿ ವರ್ತಿಸಿದರು.

ಹನ್ನೆರಡು ದಾಖಲಾತಿಗಳಲ್ಲಿ ಹನ್ನೊಂದಕ್ಕೆ ಸ್ಕಿಜೋಫ್ರೇನಿಯಾ, ಅಂದರೆ ವಾಸ್ತವದ ಅರಿವನ್ನೇ ಕದಡುವ ತೀವ್ರ ಮಾನಸಿಕ ಕಾಯಿಲೆ, ಎಂದು ರೋಗನಿರ್ಣಯವಾಯಿತು. ಹನ್ನೆರಡನೆಯದು ಅಲ್ಲಿದ್ದ ಏಕೈಕ ಖಾಸಗಿ ಆಸ್ಪತ್ರೆ. ಅಲ್ಲಿ ಉನ್ಮಾದ-ಖಿನ್ನತೆ ಎಂದರು. ಕನಿಷ್ಠ 7 ದಿನ, ಗರಿಷ್ಠ 52 ದಿನ, ಸರಾಸರಿ 19 ದಿನ ಒಳಗಿದ್ದರು. ಎಲ್ಲರಿಗೂ ಸೇರಿ ಕೊಟ್ಟ ಮಾತ್ರೆಗಳು ಸುಮಾರು 2,100. ಬಿಡುಗಡೆಯ ಪತ್ರದಲ್ಲಿ ‘ಸ್ಕಿಜೋಫ್ರೇನಿಯಾ, ಸದ್ಯ ಶಮನದಲ್ಲಿದೆ’, ಅಂದರೆ ಲಕ್ಷಣಗಳು ಸದ್ಯಕ್ಕೆ ಅಡಗಿವೆ, ಎಂಬ ಷರಾ. ಆರೋಗ್ಯವಾಗಿದ್ದಾರೆ ಎಂದಾಗಲಿ, ಕಾಯಿಲೆ ಇರಲೇ ಇಲ್ಲ ಎಂದಾಗಲಿ ಯಾರೂ ಬರೆಯಲಿಲ್ಲ.

ವಾರ್ಡಿನ ಒಳಗಿನ ವಿವರಗಳಲ್ಲಿ ಈ ಪ್ರಬಂಧದ ಜೀವ ಇದೆ. ನಕಲಿ ರೋಗಿಗಳು ಮೊದಮೊದಲು ತಾವು ಕಂಡದ್ದನ್ನು ಕದ್ದುಮುಚ್ಚಿ ಬರೆದುಕೊಳ್ಳುತ್ತಿದ್ದರು. ಯಾರೂ ಗಮನ ಕೊಡುವುದಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ಎದುರೇ ಕೂತು ಬರೆಯತೊಡಗಿದರು. ಏನು ಬರೆಯುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಒಬ್ಬರ ದಾಖಲೆಯಲ್ಲಿ ಮಾತ್ರ ರೋಗಿ ಬರೆಯುವ ವರ್ತನೆಯಲ್ಲಿ ತೊಡಗಿದ್ದಾನೆ ಎಂದು ದಾದಿಯ ಟಿಪ್ಪಣಿ ಸಿಕ್ಕಿತು. ಬೇಸರ ಕಳೆಯಲು ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿದ್ದವರನ್ನು ಕಂಡು ಆತಂಕವೇ ಎಂದು ವಿಚಾರಿಸಿದರು. ಊಟದ ಕೋಣೆಯ ಮುಂದೆ ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದ ರೋಗಿಗಳನ್ನು ತೋರಿಸಿ, ಇದು ಈ ಕಾಯಿಲೆಯ ಬಾಯಿಚಪಲದ ಲಕ್ಷಣ ಎಂದು ಒಬ್ಬ ಮನೋವೈದ್ಯರು ಕಿರಿಯ ವೈದ್ಯರಿಗೆ ವಿವರಿಸಿದರು. ಆ ವಾರ್ಡಿನಲ್ಲಿ ಊಟ ಬಿಟ್ಟರೆ ಎದುರುನೋಡಲು ಬೇರೇನೂ ಇರಲಿಲ್ಲ ಎಂದು ರೋಸೆನ್‌ಹಾನ್ ಬರೆಯುತ್ತಾರೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರವಾದದ್ದು. ಒಬ್ಬರಿಗೆ ಬಾಲ್ಯದಲ್ಲಿ ತಾಯಿಯ ಸಲುಗೆ ಹೆಚ್ಚು, ತಂದೆ ದೂರ. ಬೆಳೆದ ಮೇಲೆ ತಂದೆಯೇ ಆಪ್ತರಾದರು, ತಾಯಿಯ ಜೊತೆ ಅಷ್ಟಕ್ಕಷ್ಟೆ. ಹೆಂಡತಿಯ ಜೊತೆ ಅನ್ಯೋನ್ಯವಾಗಿದ್ದರು, ಆಗೊಮ್ಮೆ ಈಗೊಮ್ಮೆ ಮಾತಿಗೆ ಮಾತು ಬೆಳೆಯುತ್ತಿತ್ತು. ಮಕ್ಕಳಿಗೆ ಹೊಡೆದದ್ದು ಅಪರೂಪ. ಇಂಥ ಚರಿತ್ರೆ ಎಷ್ಟು ಮನೆಗಳಲ್ಲಿಲ್ಲ? ಆಸ್ಪತ್ರೆಯ ವರದಿಯಲ್ಲಿ ಇದೇ ಸಂಗತಿ ನಿಕಟ ಸಂಬಂಧಗಳಲ್ಲಿ ಬಾಲ್ಯದಿಂದಲೂ ಇರುವ ದ್ವಂದ್ವ ಭಾವ ಎಂದಾಯಿತು. ಮೊದಲು ರೋಗದ ಹೆಸರು ಬಂತು, ಆಮೇಲೆ ಬದುಕಿನ ಕಥೆ ಆ ಹೆಸರಿಗೆ ತಕ್ಕಂತೆ ಬದಲಾಯಿತು.

ಹನ್ನೊಂದು ಜನರ ಒಮ್ಮತ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹನ್ನೆರಡು ಕಡೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ವೈದ್ಯರು, ಹೆಚ್ಚು ಕಡಿಮೆ ಒಂದೇ ತೆರನಾದ ದೂರು. ಹನ್ನೊಂದು ಕಡೆ ಒಂದೇ ಉತ್ತರ. ಬೇರೆ ಯಾವುದೇ ಸಂದರ್ಭದಲ್ಲಿ ಈ ಅಂಕಿ ಕಂಡಿದ್ದರೆ ಪರೀಕ್ಷಕರ ನಡುವಿನ ವಿಶ್ವಾಸಾರ್ಹತೆ ಅದ್ಭುತವಾಗಿದೆ ಎಂದು ಸಂಶೋಧಕರು ಬೆನ್ನು ತಟ್ಟಿಕೊಳ್ಳುತ್ತಿದ್ದರು. ರೋಸೆನ್‌ಹಾನ್ ಪ್ರಬಂಧವನ್ನು ಮನೋವೈದ್ಯರ ನಡುವೆ ಒಮ್ಮತ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವವರಿದ್ದಾರೆ. ಅದು ತಪ್ಪು ಓದು. ಒಮ್ಮತ ಇತ್ತು, ಬಹುತೇಕ ಪೂರ್ತಿಯಾಗಿ ಇತ್ತು. ಆ ಒಮ್ಮತದಿಂದ ಬಂದ ಉತ್ತರ ಹುಸಿಯಾಗಿತ್ತು. ವಿಶ್ವಾಸಾರ್ಹತೆ ಇದ್ದ ಮಾತ್ರಕ್ಕೆ ಸಿಂಧುತ್ವ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಆದರೂ ಒಂದು ಎಚ್ಚರಿಕೆ ಬೇಕು. ಒಂದೇ ಲಕ್ಷಣವನ್ನು, ಒಂದೇ ಪದಗಳಲ್ಲಿ, ಎಲ್ಲ ಕಡೆಗೂ ಕೊಂಡೊಯ್ದರೆ ಉತ್ತರ ಒಂದೇ ಬರುವುದರಲ್ಲಿ ಆಶ್ಚರ್ಯವಿಲ್ಲ. ದಿನನಿತ್ಯ ಆಸ್ಪತ್ರೆಗೆ ಬರುವ ರೋಗಿಗಳು ಹೀಗೆ ಸಿದ್ಧಪಡಿಸಿದ ಸಾಲು ಹೇಳುವುದಿಲ್ಲ. ಅವರ ಮಾತು ಗೋಜಲು, ಜೊತೆಗೆ ಬಂದ ಮನೆಯವರದು ಇನ್ನೊಂದು ಕಥೆ. ಅಂಥ ಕಡೆ ವೈದ್ಯರು ಎಷ್ಟು ಒಪ್ಪುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಈ ಪ್ರಬಂಧದಲ್ಲಿ ಉತ್ತರವಿಲ್ಲ.

ಬಾರದ ನಕಲಿಗಳು

ಪ್ರಬಂಧದಲ್ಲಿ ಎರಡನೆಯ ಪ್ರಯೋಗವೂ ಇದೆ. ಮೊದಲನೆಯದರ ಸುದ್ದಿ ಕೇಳಿದ ಒಂದು ಬೋಧನಾ ಆಸ್ಪತ್ರೆಯವರು ನಮ್ಮಲ್ಲಿ ಹೀಗಾಗಲಾರದು ಎಂದರಂತೆ. ಸರಿ, ಮುಂದಿನ ಮೂರು ತಿಂಗಳಲ್ಲಿ ನಿಮ್ಮಲ್ಲಿಗೆ ಒಬ್ಬರೋ ಹೆಚ್ಚೋ ನಕಲಿ ರೋಗಿಗಳು ಬರುತ್ತಾರೆ, ಹಿಡಿಯಿರಿ ಎಂದು ರೋಸೆನ್‌ಹಾನ್ ಹೇಳಿದರು. ನಕಲಿ ಇರಬಹುದಾದ ಸಾಧ್ಯತೆ ಎಷ್ಟು ಎಂದು ಸಿಬ್ಬಂದಿ ಪ್ರತಿಯೊಬ್ಬ ರೋಗಿಗೂ ಹತ್ತರ ಮಾಪಕದಲ್ಲಿ ಅಂಕ ಕೊಟ್ಟರು. ಆ ಅವಧಿಯಲ್ಲಿ ದಾಖಲಾದ 193 ಜನರಲ್ಲಿ 41 ಜನರನ್ನು ಸಿಬ್ಬಂದಿಯಲ್ಲಿ ಕನಿಷ್ಠ ಒಬ್ಬರು ಖಚಿತವಾಗಿ ನಕಲಿ ಎಂದರು. ಕನಿಷ್ಠ ಒಬ್ಬ ಮನೋವೈದ್ಯರ ಸಂಶಯಕ್ಕೆ ಗುರಿಯಾದವರು 23. ಮನೋವೈದ್ಯರೂ ಇನ್ನೊಬ್ಬ ಸಿಬ್ಬಂದಿಯೂ ಇಬ್ಬರೂ ಸಂಶಯಪಟ್ಟವರು 19. ರೋಸೆನ್‌ಹಾನ್ ಒಬ್ಬರನ್ನೂ ಕಳಿಸಿರಲಿಲ್ಲ.

ಈ ಭಾಗವನ್ನು ಓದಿದವರೆಲ್ಲ ನಗುತ್ತಾರೆ. ಸಂಶೋಧನಾ ವಿಧಾನದ ದೃಷ್ಟಿಯಿಂದ ಇದು ಗಂಭೀರವಾದ ಸಂಗತಿ. ಮೊದಲ ಪ್ರಯೋಗದಲ್ಲಿ ವೈದ್ಯರು ಆರೋಗ್ಯವಂತರನ್ನು ರೋಗಿ ಎಂದರು, ಎರಡನೆಯದರಲ್ಲಿ ರೋಗಿಗಳನ್ನು ಆರೋಗ್ಯವಂತರು ಎಂದರು. ರೋಗಿಗಳು ಬದಲಾಗಿರಲಿಲ್ಲ, ವೈದ್ಯರ ಜ್ಞಾನವೂ ಬದಲಾಗಿರಲಿಲ್ಲ. ಬದಲಾದದ್ದು ಸಂಶಯದ ಗೆರೆ. ಕಾಯಿಲೆಯನ್ನು ತಪ್ಪಿಸಿಕೊಂಡರೆ ಜೀವಕ್ಕೆ ಅಪಾಯ ಎಂಬ ಭಯವಿದ್ದಾಗ ಆ ಗೆರೆ ಒಂದು ಕಡೆ ಇರುತ್ತದೆ. ಮೋಸ ಹೋದರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಬಂದಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಗೆರೆ ಎಲ್ಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರೋಗನಿರ್ಣಯದ ನಿಖರತೆ ಇಷ್ಟು ಎಂದು ಹೇಳಲು ಬರುವುದಿಲ್ಲ.

ಇದೇ ಕಣ್ಣಿನಿಂದ ಮೊದಲ ಪ್ರಯೋಗದ ಇನ್ನೊಂದು ಜನಪ್ರಿಯ ಅಂಕಿಯನ್ನೂ ನೋಡಬೇಕು. ಮೊದಲ ಮೂರು ದಾಖಲಾತಿಗಳಲ್ಲಿ ವಾರ್ಡಿನ 118 ರೋಗಿಗಳ ಪೈಕಿ 35 ಜನ, ನೀನು ಹುಚ್ಚನಲ್ಲ, ಪತ್ರಕರ್ತನೋ ಪ್ರಾಧ್ಯಾಪಕನೋ ಇರಬೇಕು, ಆಸ್ಪತ್ರೆಯ ತಪಾಸಣೆಗೆ ಬಂದಿದ್ದೀಯ ಎಂದರಂತೆ. ವೈದ್ಯರಿಗೆ ಕಾಣದ್ದು ರೋಗಿಗಳಿಗೆ ಕಂಡಿತು ಎಂದು ಇದನ್ನು ಮೆಚ್ಚಿ ಹೇಳುತ್ತಾರೆ. ಅದೇ ರೋಗಿಗಳು ವಾರ್ಡಿನಲ್ಲಿದ್ದ ನಿಜವಾದ ರೋಗಿಗಳಲ್ಲಿ ಎಷ್ಟು ಜನರಿಗೆ ಇದೇ ಮಾತು ಹೇಳಿದರು? ಆ ಲೆಕ್ಕ ಪ್ರಬಂಧದಲ್ಲಿಲ್ಲ. ಅದಿಲ್ಲದೆ 35 ಎಂಬ ಅಂಕಿ ತೀಕ್ಷ್ಣ ದೃಷ್ಟಿಯದೋ ಎಲ್ಲರನ್ನೂ ಸಂಶಯಿಸುವ ಸ್ವಭಾವದ್ದೋ ಎಂದು ಬೇರ್ಪಡಿಸಲಾಗದು. ಹೋಲಿಕೆಯ ಗುಂಪು ಇಲ್ಲದ ಅಂಕಿ ಎಷ್ಟೇ ಸೊಗಸಾಗಿ ಕಂಡರೂ ಅದರ ಮೇಲೆ ಭಾರ ಹಾಕಬಾರದು.

ಸ್ಪಿಟ್ಜರ್ ಎತ್ತಿದ ಆಕ್ಷೇಪ

ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ 1975ರಲ್ಲಿ ಈ ಪ್ರಬಂಧವನ್ನು ಸಾಲು ಸಾಲಾಗಿ ಬಿಡಿಸಿ ಟೀಕಿಸಿದರು. ಅವರ ಮುಖ್ಯ ವಾದ ಪರಿಕಲ್ಪನೆಯ ಸಿಂಧುತ್ವದ ಬಗ್ಗೆ. ಸ್ವಸ್ಥರನ್ನೂ ಅಸ್ವಸ್ಥರನ್ನೂ ಬೇರ್ಪಡಿಸಲು ವೈದ್ಯರಿಗೆ ಬರುತ್ತದೆಯೇ ಎಂಬುದನ್ನು ಪರೀಕ್ಷಿಸುತ್ತೇನೆ ಎಂದು ರೋಸೆನ್‌ಹಾನ್ ಹೇಳಿದರು. ನಿಜದಲ್ಲಿ ಪರೀಕ್ಷೆಯಾದದ್ದು ರೋಗಿ ಸುಳ್ಳು ಹೇಳಿದರೆ ವೈದ್ಯರು ಹಿಡಿಯುತ್ತಾರೆಯೇ ಎಂಬುದು. ಇವು ಎರಡು ಬೇರೆ ಸಾಮರ್ಥ್ಯಗಳು. ಇದನ್ನು ನರವಿಜ್ಞಾನಿ ಸೀಮೋರ್ ಕೆಟಿ ಅದಕ್ಕೂ ಮುಂಚೆ ಒಂದು ದೃಷ್ಟಾಂತದಲ್ಲಿ ಹೇಳಿದ್ದರು: ನಾನು ಗುಟ್ಟಾಗಿ ರಕ್ತ ಕುಡಿದು ಆಸ್ಪತ್ರೆಗೆ ಹೋಗಿ ರಕ್ತ ವಾಂತಿ ಮಾಡಿದರೆ ಹೊಟ್ಟೆಯ ಹುಣ್ಣು ಎಂದು ಚಿಕಿತ್ಸೆ ಕೊಡುತ್ತಾರೆ, ಅದರಿಂದ ವೈದ್ಯಶಾಸ್ತ್ರಕ್ಕೆ ಹುಣ್ಣು ಗುರುತಿಸಲು ಬರುವುದಿಲ್ಲ ಎಂದು ಸಾಧಿಸಿದಂತಾಗುತ್ತದೆಯೇ?

ಈ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ದಾಖಲಾತಿಯ ದಿನದ ಮಟ್ಟಿಗೆ ಅದು ಸರಿ. ಧ್ವನಿ ಕೇಳಿಸುತ್ತದೆ ಎಂದು ಬಂದವರನ್ನು ಒಳಗೆ ಸೇರಿಸಿಕೊಂಡು ಗಮನಿಸುವುದು ವೈದ್ಯರ ಕರ್ತವ್ಯ. ಆದರೆ ಸುಳ್ಳು ಹೇಳಿದ್ದು ಮೊದಲ ದಿನ ಮಾತ್ರ. ಆಮೇಲಿನ ದಿನಗಳಲ್ಲಿ ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿದ್ದವರನ್ನು ಕಂಡೂ ಮೊದಲ ಅಭಿಪ್ರಾಯವನ್ನು ಮರುಪರಿಶೀಲಿಸದೆ ಇದ್ದುದಕ್ಕೆ ಕೆಟಿ ಕೊಟ್ಟ ದೃಷ್ಟಾಂತ ಉತ್ತರ ಕೊಡುವುದಿಲ್ಲ. ಸ್ಪಿಟ್ಜರ್ ಅದಕ್ಕೂ ಒಂದು ಉತ್ತರ ಹುಡುಕಿದರು. ‘ಶಮನದಲ್ಲಿದೆ’ ಎಂಬ ಷರಾ ಆ ಕಾಲದ ಆಸ್ಪತ್ರೆಗಳಲ್ಲಿ ಎಷ್ಟು ಬಳಕೆಯಲ್ಲಿತ್ತು ಎಂದು ಬೇರೆ ಆಸ್ಪತ್ರೆಗಳಲ್ಲಿ ವಿಚಾರಿಸಿದರು. ನಿಜವಾದ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಅದನ್ನು ಬರೆಯುವುದು ತೀರಾ ವಿರಳ ಎಂದು ತಿಳಿಯಿತು. ಹಾಗಿದ್ದರೆ ಈ ರೋಗಿಗಳು ಮಿಕ್ಕವರಂತಲ್ಲ ಎಂಬುದು ವೈದ್ಯರಿಗೆ ಹೊಳೆದಿತ್ತು, ಅದನ್ನೇ ಆ ಅಪರೂಪದ ಷರಾದಲ್ಲಿ ದಾಖಲಿಸಿದರು ಎಂಬುದು ಅವರ ವಾದ. ರೋಸೆನ್‌ಹಾನ್ ಯಾವ ಷರಾವನ್ನು ಕುರುಡುತನದ ಗುರುತು ಎಂದರೋ ಅದೇ ಷರಾ ಸ್ಪಿಟ್ಜರ್ ಕೈಯಲ್ಲಿ ಕಣ್ಣು ತೆರೆದಿದ್ದುದರ ಪುರಾವೆಯಾಯಿತು. ಮೂಲದರ, ಅಂದರೆ ಒಂದು ಸಂಗತಿ ಸಾಮಾನ್ಯವಾಗಿ ಎಷ್ಟು ಸಲ ಕಾಣುತ್ತದೆ ಎಂಬುದು, ಗೊತ್ತಿಲ್ಲದೆ ದತ್ತಾಂಶಕ್ಕೆ ಅರ್ಥ ಹಚ್ಚಿದರೆ ಏನಾಗುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಒಪ್ಪಿಗೆಯನ್ನು ಅಳೆಯುವುದು ಹೇಗೆ

ರೋಸೆನ್‌ಹಾನ್ ಅವರನ್ನು ಟೀಕಿಸಿದ ಸ್ಪಿಟ್ಜರ್‌ಗೆ ಮನೋವೈದ್ಯಶಾಸ್ತ್ರದ ಮೇಲೆ ಕುರುಡು ಮೋಹವೇನೂ ಇರಲಿಲ್ಲ. 1974ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಫ್ಲೈಸ್ ಜೊತೆ ಸೇರಿ ಅವರು ರೋಗನಿರ್ಣಯದ ವಿಶ್ವಾಸಾರ್ಹತೆಯ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ್ದರು. ಬಳಸಿದ್ದು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಎಂಬ ಸೂಚಿ.

ಕಪ್ಪಾ ಏಕೆ ಬೇಕು ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಒಂದು ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರು 100 ರೋಗಿಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ ಎಂದುಕೊಳ್ಳಿ. ಇಬ್ಬರಿಗೂ ಸುಮಾರು 90 ಜನರಿಗೆ ಸ್ಕಿಜೋಫ್ರೇನಿಯಾ ಎಂದು ಬರೆಯುವ ರೂಢಿ. ಕೊನೆಗೆ 85 ರೋಗಿಗಳ ವಿಷಯದಲ್ಲಿ ಇಬ್ಬರ ಉತ್ತರವೂ ಒಂದೇ. ಶೇಕಡ 85 ಒಪ್ಪಿಗೆ ಎಂದರೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇಬ್ಬರೂ ರೋಗಿಯ ಮುಖವನ್ನೇ ನೋಡದೆ, ತಮ್ಮ ರೂಢಿಯಂತೆ ಚೀಟಿ ಎತ್ತಿ ಬರೆದಿದ್ದರೂ ಸುಮಾರು 82 ಕಡೆ ಒಪ್ಪಿಗೆ ತಾನಾಗಿ ಬರುತ್ತಿತ್ತು: ಇಬ್ಬರೂ ಹೌದು ಎನ್ನುವುದು 81, ಇಬ್ಬರೂ ಅಲ್ಲ ಎನ್ನುವುದು 1. ಆಕಸ್ಮಿಕವನ್ನು ಮೀರಿ ಗಳಿಸಲು ಸಾಧ್ಯವಿದ್ದದ್ದು 18, ಗಳಿಸಿದ್ದು 3. ಮೂರನ್ನು ಹದಿನೆಂಟರಿಂದ ಭಾಗಿಸಿದರೆ ಕಪ್ಪಾ 0.17. ಶೇಕಡ 85ರ ಹಿಂದೆ ಇದ್ದ ನಿಜವಾದ ಒಮ್ಮತ ಇಷ್ಟೇ.

ಈ ರೀತಿ ಲೆಕ್ಕ ಹಾಕಿದಾಗ ಸ್ಪಿಟ್ಜರ್ ಮತ್ತು ಫ್ಲೈಸ್‌ಗೆ ಕಂಡ ಚಿತ್ರ ನಿರಾಶಾದಾಯಕ. ಬುದ್ಧಿಮಾಂದ್ಯ, ಮೆದುಳಿನ ಹಾನಿಯಿಂದ ಬರುವ ಕಾಯಿಲೆಗಳು, ಮದ್ಯವ್ಯಸನ ಈ ಮೂರರಲ್ಲಿ ಮಾತ್ರ ವಿಶ್ವಾಸಾರ್ಹತೆ ತೃಪ್ತಿಕರ. ಸ್ಕಿಜೋಫ್ರೇನಿಯಾದಲ್ಲಿ ಸುಮಾರು. ಮಿಕ್ಕವುಗಳಲ್ಲಿ ಕಳಪೆ.

ಅದಕ್ಕೂ ಮುಂಚೆ ಅಮೆರಿಕ ಮತ್ತು ಬ್ರಿಟನ್‌ಗಳನ್ನು ಹೋಲಿಸಿದ ಒಂದು ದೊಡ್ಡ ಯೋಜನೆ ನಡೆದಿತ್ತು. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಎನ್ನಿಸಿಕೊಂಡವರ ಪ್ರಮಾಣ ಲಂಡನ್ನಿಗಿಂತ ಬಹಳ ಹೆಚ್ಚು. ಯೋಜನೆಯ ತಂಡದವರೇ ಎರಡೂ ಊರಿನ ರೋಗಿಗಳನ್ನು ಒಂದೇ ಬಗೆಯ ಸಂದರ್ಶನದಿಂದ ನೋಡಿದಾಗ ಆ ಅಂತರ ಹೆಚ್ಚು ಕಡಿಮೆ ಕರಗಿಹೋಯಿತು. ಕಾಯಿಲೆ ಎರಡೂ ಕಡೆ ಸರಿಸುಮಾರು ಒಂದೇ ಪ್ರಮಾಣದಲ್ಲಿತ್ತು, ವೈದ್ಯರ ರೂಢಿ ಮಾತ್ರ ಬೇರೆ. 1971ರಲ್ಲಿ ರಾಬರ್ಟ್ ಕೆಂಡೆಲ್ ಮತ್ತು ಸಂಗಡಿಗರು ಎಂಟು ರೋಗಿಗಳ ಸಂದರ್ಶನದ ವಿಡಿಯೊಗಳನ್ನು ಎರಡೂ ದೇಶಗಳ ಮನೋವೈದ್ಯರಿಗೆ ತೋರಿಸಿದರು. ‘ರೋಗಿ ಎಫ್’ ಎಂದು ಕರೆದ ಬ್ರೂಕ್ಲಿನ್ನಿನ ಅವಿವಾಹಿತ ಯುವಕನಿಗೆ ಅಮೆರಿಕದ ವೈದ್ಯರಲ್ಲಿ ಶೇಕಡ 69 ಜನ ಸ್ಕಿಜೋಫ್ರೇನಿಯಾ ಎಂದರು, ಬ್ರಿಟನ್ನಿನವರಲ್ಲಿ ಶೇಕಡ 2. ಅದೇ ಮುಖ, ಅದೇ ಮಾತು, ಅದೇ ವಿಡಿಯೊ. ಇಲ್ಲಿ ಯಾರೂ ವೇಷ ಹಾಕಲಿಲ್ಲ, ಯಾರಿಗೂ ಸುಳ್ಳು ಹೇಳಲಿಲ್ಲ. ಯಾರು ಬೇಕಾದರೂ ವಿಡಿಯೊ ಹಾಕಿ ಮತ್ತೆ ಪರೀಕ್ಷಿಸಬಹುದಾಗಿತ್ತು. ಆದರೆ ರೋಗಿ ಎಫ್‌ನ ಹೆಸರು ಕೇಳಿದವರು ಎಷ್ಟು ಜನ? ರೋಸೆನ್‌ಹಾನ್ ಹೆಸರು ಎಲ್ಲರಿಗೂ ಗೊತ್ತು.

ಇಂಥ ಕೆಲಸಗಳ ಒತ್ತಡ, ಜೊತೆಗೆ ರೋಸೆನ್‌ಹಾನ್ ತಂದ ಮುಜುಗರ ಎರಡೂ ಸೇರಿ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯನ್ನು ತಂದಿತು. ಅದರ ಸಾರಥ್ಯ ಸ್ಪಿಟ್ಜರ್ ಅವರದೇ. ಪ್ರತಿ ಕಾಯಿಲೆಗೂ ಲಕ್ಷಣಗಳ ಪಟ್ಟಿ, ಇಷ್ಟರಲ್ಲಿ ಇಷ್ಟಾದರೂ ಇರಬೇಕು, ಇಷ್ಟು ಕಾಲ ಇರಬೇಕು ಎಂಬ ನಿಯಮ ಬಂತು. ಅಸ್ಪಷ್ಟವಾದ ಎರಡು ಮೂರು ಪದಗಳು ಕೇಳಿಸಿದ ಮಾತ್ರಕ್ಕೆ ಸ್ಕಿಜೋಫ್ರೇನಿಯಾ ಎಂದು ಬರೆಯಲು ಆಮೇಲೆ ಅವಕಾಶವಿರಲಿಲ್ಲ. ಕಾಯಿಲೆಯ ಗುರುತುಗಳು ಕನಿಷ್ಠ ಆರು ತಿಂಗಳಾದರೂ ಇರಬೇಕು ಎಂಬ ನಿಯಮವೊಂದೇ ಆ ಎಂಟು ಜನರನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಹಾಗೆಂದು ಸಿಂಧುತ್ವದ ಪ್ರಶ್ನೆ ಮುಗಿಯಲಿಲ್ಲ. ಎಲ್ಲರೂ ಒಂದೇ ಪಟ್ಟಿ ಹಿಡಿದು ಗುರುತು ಹಾಕಿದರೆ ಒಮ್ಮತ ಹೆಚ್ಚುತ್ತದೆ. ಆ ಪಟ್ಟಿಗೆ ಎದುರಾಗಿ ಹೊರಗೆ ನಿಜವಾಗಿ ಒಂದು ಕಾಯಿಲೆ ಇದೆಯೇ ಎಂಬುದನ್ನು ಪಟ್ಟಿ ಹೇಳಲಾರದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಮನೋವೈದ್ಯರಾದ ಎಲಿ ರಾಬಿನ್ಸ್ ಮತ್ತು ಸ್ಯಾಮ್ಯುಯೆಲ್ ಗೂಜ್ 1970ರಲ್ಲೇ ಇದಕ್ಕೊಂದು ದಾರಿ ಸೂಚಿಸಿದ್ದರು: ಲಕ್ಷಣಗಳ ವಿವರಣೆ ಸಾಲದು, ಪ್ರಯೋಗಾಲಯದ ಪರೀಕ್ಷೆ ಬೇಕು, ಬೇರೆ ಕಾಯಿಲೆಗಳಿಂದ ಬೇರ್ಪಡಿಸಬೇಕು, ರೋಗಿಗಳು ವರ್ಷಗಳ ನಂತರ ಏನಾದರು ಎಂದು ನೋಡಬೇಕು, ಅವರ ಕುಟುಂಬಗಳನ್ನು ಅಧ್ಯಯನ ಮಾಡಬೇಕು. ಪ್ರಯೋಗಾಲಯದ ಪರೀಕ್ಷೆ ಎಂಬ ಆ ಜಾಗ ಸ್ಕಿಜೋಫ್ರೇನಿಯಾದ ಪಾಲಿಗೆ ಇನ್ನೂ ತುಂಬಿಲ್ಲ. 2013ರಲ್ಲಿ ಆ ಕೈಪಿಡಿಯ ಐದನೆಯ ಆವೃತ್ತಿ ಬರುವ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದ ಥಾಮಸ್ ಇನ್ಸೆಲ್, ಈ ಕೈಪಿಡಿಯ ಬಲ ವಿಶ್ವಾಸಾರ್ಹತೆ, ದೌರ್ಬಲ್ಯ ಸಿಂಧುತ್ವ ಎಂದು ಬಹಿರಂಗವಾಗಿಯೇ ಹೇಳಿದರು. ಬಲ ಎಂದದ್ದೂ ಎಲ್ಲ ಕಡೆ ನಿಲ್ಲಲಿಲ್ಲ. ಅದೇ ಆವೃತ್ತಿಯ ಕ್ಷೇತ್ರ ಪರೀಕ್ಷೆಗಳಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಕಪ್ಪಾ 0.67 ಬಂದರೆ, ನಾವು ದಿನವೂ ಕೇಳುವ ತೀವ್ರ ಖಿನ್ನತೆಗೆ ಬಂದದ್ದು 0.28.

ಆಸ್ಪತ್ರೆಯ ಹಳೆಯ ಕಡತ

ಈಗ ಪ್ರಬಂಧದತ್ತಲೇ ಅಳತೆಗೋಲು ತಿರುಗಿಸೋಣ.

ಸುಸಾನಾ ಕಹಲನ್ ಎಂಬ ಅಮೆರಿಕದ ಪತ್ರಕರ್ತೆಗೆ 2009ರಲ್ಲಿ ಮೆದುಳಿಗೆ ಸಂಬಂಧಿಸಿದ ಅಪರೂಪದ ಸ್ವಯಂನಿರೋಧಕ ಕಾಯಿಲೆ ಬಂದಿತ್ತು. ಮೊದಲು ಅದನ್ನು ಮಾನಸಿಕ ಕಾಯಿಲೆ ಎಂದೇ ಭಾವಿಸಲಾಗಿತ್ತು. ರೋಸೆನ್‌ಹಾನ್ ಪ್ರಬಂಧದ ಮೇಲೆ ಆಕೆಗೆ ಗೌರವ ಮೂಡಿದ್ದು ಸಹಜ. ಆ ಎಂಟು ಜನ ಯಾರು ಎಂದು ಹುಡುಕುತ್ತ ಹೋದರು. 2012ರಲ್ಲಿ ತೀರಿಕೊಂಡ ರೋಸೆನ್‌ಹಾನ್ ಬಿಟ್ಟುಹೋದ ಕಾಗದಪತ್ರಗಳಲ್ಲಿ ಅವರದೇ ಆಸ್ಪತ್ರೆಯ ದಾಖಲೆ ಸಿಕ್ಕಿತು. 2019ರಲ್ಲಿ ‘ದಿ ಗ್ರೇಟ್ ಪ್ರಿಟೆಂಡರ್’ ಎಂಬ ಪುಸ್ತಕದಲ್ಲಿ ಇದನ್ನೆಲ್ಲ ಪ್ರಕಟಿಸಿದರು.

1969ರ ಫೆಬ್ರವರಿಯಲ್ಲಿ, ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ರೋಸೆನ್‌ಹಾನ್ ಡೇವಿಡ್ ಲೂರಿ ಎಂಬ ಹೆಸರಿನಲ್ಲಿ ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಸರ್ಕಾರಿ ಆಸ್ಪತ್ರೆಗೆ ದಾಖಲಾಗಿದ್ದರು. ದಾಖಲಾತಿಯ ಟಿಪ್ಪಣಿಯಲ್ಲಿ ‘ಖಾಲಿ’, ‘ಪೊಳ್ಳು’ ಇವೆ. ಅಷ್ಟಕ್ಕೇ ನಿಂತಿಲ್ಲ. ಧ್ವನಿಗಳು ತಿಂಗಳುಗಟ್ಟಲೆಯಿಂದ ಕೇಳುತ್ತಿವೆ. ತಡೆಯಲಾರದೆ ಕಿವಿಗೆ ತಾಮ್ರದ ಪಾತ್ರೆ ಕವುಚಿಕೊಂಡಿದ್ದೇನೆ. ರೇಡಿಯೊ ಸಂಕೇತಗಳು ನನಗೆ ತಾಕುತ್ತವೆ. ಜನ ಮನಸ್ಸಿನಲ್ಲಿ ಅಂದುಕೊಳ್ಳುವುದು ಕೇಳಿಸುತ್ತದೆ. ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಸಾಯುವ ಯೋಚನೆಯೂ ಬಂದಿದೆ ಎಂದು ಹೇಳಿದ್ದು ಅಲ್ಲಿ ದಾಖಲಾಗಿದೆ. ಪ್ರಬಂಧದಲ್ಲಿ ಇವುಗಳ ಸುಳಿವಿಲ್ಲ. ‘ಒಂದೇ ಒಂದು ಲಕ್ಷಣ’ ಎಂಬುದರ ಮೇಲೆಯೇ ಇಡೀ ವಾದ ನಿಂತಿತ್ತು. ಇಷ್ಟೆಲ್ಲ ಕೇಳಿದ ಮೇಲೂ ಆ ವೈದ್ಯರು ಮನೆಗೆ ಕಳಿಸಿದ್ದರೆ ಅದು ಅಪರಾಧವಾಗುತ್ತಿತ್ತು. ಆಸ್ಪತ್ರೆಗೆ ಕೊಟ್ಟ ಪ್ರಚೋದನೆ ಒಂದು, ಪ್ರಬಂಧದಲ್ಲಿ ವರದಿಯಾದದ್ದು ಇನ್ನೊಂದು ಎಂದಾದರೆ ಆಂತರಿಕ ಸಿಂಧುತ್ವದ, ಅಂದರೆ ಫಲಿತಾಂಶಕ್ಕೆ ಪ್ರಯೋಗ ಹೇಳುವ ಕಾರಣವೇ ಕಾರಣವೇ ಎಂಬ, ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ ಒಂಬತ್ತನೆಯ ನಕಲಿ ರೋಗಿಯ ಪ್ರಸ್ತಾಪ ಇದೆ. ತನ್ನ ವೈಯಕ್ತಿಕ ವಿವರಗಳನ್ನು ಸುಳ್ಳು ಹೇಳಿದ್ದರಿಂದ ಆತನ ದತ್ತಾಂಶ ಕೈಬಿಟ್ಟಿದ್ದೇವೆ ಎಂದು ಅಲ್ಲಿ ಬರೆದಿದೆ. ಆತ ಹ್ಯಾರಿ ಲ್ಯಾಂಡೊ. 1976ರಲ್ಲಿ ಅವರೇ ತಮ್ಮ ಅನುಭವವನ್ನು ಪ್ರಕಟಿಸಿದರು: ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯಲ್ಲಿ ಸಿಬ್ಬಂದಿ ಅಕ್ಕರೆಯಿಂದ ನೋಡಿಕೊಂಡರು, ಅಲ್ಲಿದ್ದುದರಿಂದ ಒಳ್ಳೆಯದೇ ಆಯಿತು. ನಿಯಮ ಮುರಿದವರ ದತ್ತಾಂಶ ಬಿಡುವುದು ತಪ್ಪಲ್ಲ. ಆದರೆ ರೋಸೆನ್‌ಹಾನ್ ಸ್ವತಃ ಆ ನಿಯಮ ಮುರಿದಿದ್ದರು, ಅವರ ದತ್ತಾಂಶ ಉಳಿಯಿತು. ಕೈಬಿಟ್ಟ ಒಂದೇ ಅನುಭವ ಪ್ರಬಂಧದ ತೀರ್ಮಾನಕ್ಕೆ ಎದುರಾಗಿದ್ದ ಅನುಭವ. ಈ ಕಾಕತಾಳೀಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಎಂಟು ಜನರಲ್ಲಿ ರೋಸೆನ್‌ಹಾನ್ ಅವರನ್ನು ಬಿಟ್ಟರೆ ಕಹಲನ್‌ಗೆ ಸಿಕ್ಕವರು ಇನ್ನೊಬ್ಬರು ಮಾತ್ರ, ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದವರು. ಮಿಕ್ಕ ಆರು ಜನರ ಗುರುತು ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಅವರು ಇದ್ದರೇ ಎಂಬ ಸಂಶಯವನ್ನು ಆಕೆ ಬಹಿರಂಗವಾಗಿಯೇ ಎತ್ತಿದ್ದಾರೆ. ಅವರು ಇರಲೇ ಇಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಇದ್ದರು ಎಂದು ತೋರಿಸುವ ಹೊಣೆ ಸಂಶೋಧಕರದು. ಆಸ್ಪತ್ರೆಗಳ ಹೆಸರನ್ನು ಗುಟ್ಟಾಗಿಟ್ಟದ್ದು ಅಲ್ಲಿನ ಸಿಬ್ಬಂದಿಯ ಮಾನ ಕಾಪಾಡಲು ಎಂಬ ಕಾರಣ ನ್ಯಾಯವಾದದ್ದೇ. ಅದೇ ಗುಟ್ಟು ಮರುಪರಿಶೀಲನೆಯ ಬಾಗಿಲನ್ನೂ ಮುಚ್ಚಿತು. ಕಚ್ಚಾ ಟಿಪ್ಪಣಿಗಳನ್ನು ಪತ್ರಿಕೆಯ ಸಂಪಾದಕರ ಬಳಿಯಾದರೂ ಮುಚ್ಚಿದ ಲಕೋಟೆಯಲ್ಲಿ ಇಡಬಹುದಿತ್ತು.

ಏನು ಉಳಿಯುತ್ತದೆ

ಪ್ರಬಂಧದಲ್ಲಿ ನನ್ನನ್ನು ಇಂದಿಗೂ ಕಾಡುವ ಭಾಗ ರೋಗನಿರ್ಣಯದ್ದಲ್ಲ. ನಕಲಿ ರೋಗಿಗಳು ಎದುರಾದ ಸಿಬ್ಬಂದಿಯನ್ನು ಮರ್ಯಾದೆಯಿಂದ ತಡೆದು, ನನಗೆ ಆಸ್ಪತ್ರೆಯ ಆವರಣದಲ್ಲಿ ಓಡಾಡಲು ಯಾವಾಗ ಅನುಮತಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಮನೋವೈದ್ಯರು ನೂರಕ್ಕೆ 71 ಸಲ ಮುಖ ತಿರುಗಿಸಿ ನಡೆದರು. ನಿಂತು ಮಾತಾಡಿದ್ದು 4 ಸಲ. ದಾದಿಯರು ಮತ್ತು ಸಹಾಯಕರು 88 ಸಲ ಮುಖ ತಿರುಗಿಸಿದರು. ವೈದ್ಯರು, ಮನೋವಿಜ್ಞಾನಿಗಳು ಎಲ್ಲರೂ ಸೇರಿ ಒಬ್ಬ ರೋಗಿಗೆ ದಿನಕ್ಕೆ ಕೊಟ್ಟ ಸಮಯ ಸರಾಸರಿ 6.8 ನಿಮಿಷ. ಇದೂ ರೋಸೆನ್‌ಹಾನ್ ಮಾತಿನ ಆಧಾರದ್ದೇ. ಆದ್ದರಿಂದ ಆ ದಶಾಂಶಗಳನ್ನು ಸಾಬೀತಾದ ಅಂಕಿಗಳೆಂದು ನಾನು ಎಲ್ಲಿಯೂ ಹೇಳುವುದಿಲ್ಲ. ಆದರೆ ಈ ಭಾಗವನ್ನು ಪರೀಕ್ಷಿಸಲು ವೇಷ ಬೇಡ, ಸುಳ್ಳು ಬೇಡ. ಅನುಮತಿ ಪಡೆದ ವೀಕ್ಷಕರಿಬ್ಬರು ಯಾವುದೇ ವಾರ್ಡಿನ ಮೂಲೆಯಲ್ಲಿ ಕೂತು, ರೋಗಿ ಮಾತಾಡಿಸಿದಾಗ ಸಿಬ್ಬಂದಿ ನಿಂತರೋ ನಡೆದರೋ ಎಂದು ಬೇರೆ ಬೇರೆಯಾಗಿ ಗುರುತು ಹಾಕಿಕೊಂಡು ಕಪ್ಪಾ ಲೆಕ್ಕ ಹಾಕಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡಬಹುದಾದಷ್ಟು ಸರಳ ಕೆಲಸ.

ರೋಗನಿರ್ಣಯದ ವಿಷಯಕ್ಕೆ ಬಂದರೆ, 1970ರ ಸುಮಾರಿನಲ್ಲಿ ಅಮೆರಿಕದ ಮನೋವೈದ್ಯರು ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಅಳತೆ ಮೀರಿ ಹಂಚುತ್ತಿದ್ದರು ಎಂಬ ಮಾತು ನಿಜ. ಅದಕ್ಕೆ ಪುರಾವೆ ಕೇಳಿದರೆ ನಾನು ಕೆಂಡೆಲ್ ಅವರ ವಿಡಿಯೊಗಳನ್ನು ತೋರಿಸುತ್ತೇನೆ, ನ್ಯೂಯಾರ್ಕ್–ಲಂಡನ್ ಹೋಲಿಕೆಯನ್ನು ತೋರಿಸುತ್ತೇನೆ, ಸ್ಪಿಟ್ಜರ್ ಮತ್ತು ಫ್ಲೈಸ್ ಅವರ ಕೋಷ್ಟಕಗಳನ್ನು ತೋರಿಸುತ್ತೇನೆ. ರೋಸೆನ್‌ಹಾನ್ ಪ್ರಬಂಧವನ್ನು ಪಾಠದಿಂದ ತೆಗೆಯಬೇಕು ಎನ್ನುವವರ ಜೊತೆ ನಾನಿಲ್ಲ. ಅದರ ಪಕ್ಕದಲ್ಲಿ ಹ್ಯಾವರ್‌ಫರ್ಡ್ ಆಸ್ಪತ್ರೆಯ ಆ ದಾಖಲಾತಿ ಟಿಪ್ಪಣಿಯನ್ನೂ ಲ್ಯಾಂಡೊ ಅವರ 1976ರ ಬರಹವನ್ನೂ ಇಟ್ಟು, ಮೂರನ್ನೂ ಒಟ್ಟಿಗೆ ಓದಿಸಬೇಕು.